ಮೇ ತಿಂಗಳಲ್ಲಿ ರಕ್ತ ಕೊಡೋರು ಯಾರು?

ಮೈಸೂರಿಗೆ ಸೇವೆ ಹೊಸದಲ್ಲ. ಊರೆಲ್ಲ ತಾತಯ್ಯ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದ ಊರು ಇದು. 1984ರಲ್ಲಿ ಇಲ್ಲಿನ ಮೆಡಿಕಲ್ ಕಾಲೇಜಿನ ಹುಡುಗರೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿ ಎಚ್.ಡಿ. ಕೋಟೆ ಕಡೆಯ ಹಾಡಿಗಳಿಗೆ ಹೋದರು. ಆದರೆ ರಕ್ತವನ್ನು ದುಡ್ಡಿಗೆ ಮಾರುವುದಕ್ಕೆ ದೇಶದಲ್ಲಿ ತಡೆ ಬಿದ್ದದ್ದು 1998ರ ಜನವರಿ 1ರಿಂದ, ಅದೂ ಸುಪ್ರೀಂ ಕೋರ್ಟ್ ಗದರಿದ ಮೇಲೆ.

ಆಮೇಲೆ ದುಡ್ಡಿಲ್ಲದೆ ರಕ್ತ ಹೊಂದಿಸುವ ಭಾರಕ್ಕೆ ಹೆಗಲು ಕೊಟ್ಟವರು ಕಾಲೇಜು ಹುಡುಗರು, ಅಭಿಮಾನಿ ಸಂಘದವರು. ರಕ್ತನಿಧಿಯಲ್ಲಿ ಕೂತು ನೋಡಿದರೆ ಕೊಡುವ ಮನಸ್ಸಿಗೆ ಬರವಿಲ್ಲ. ತಾಪತ್ರಯವೆಲ್ಲ ತಾರೀಖಿನದು.

ಏಪ್ರಿಲ್ 14 ಅಂಬೇಡ್ಕರ್ ಜಯಂತಿ, 24 ರಾಜ್‌ಕುಮಾರ್ ಹುಟ್ಟುಹಬ್ಬ. ಶಾಮಿಯಾನ, ಜ್ಯೂಸು, ಬಿಸ್ಕತ್ತು, ಉದ್ದ ಸಾಲು. ಅಲ್ಲಿ ಬಂದ ರಕ್ತದ ಕೆಂಪುಕಣ ಇಡಬಹುದಾದದ್ದು 35ರಿಂದ 42 ದಿನ. ಪ್ಲೇಟ್‌ಲೆಟ್ ಆದರೆ ಬರೀ 5 ದಿನ. ಅವತ್ತು ಕೊಟ್ಟ ಗಂಡಸರು ಮತ್ತೆ ಕೊಡಲು 3 ತಿಂಗಳು ಕಾಯಬೇಕು, ಹೆಂಗಸರು 4. ಜೂನ್ 4ರ ನಾಲ್ವಡಿಯವರ ಜಯಂತಿಗೂ ಅವರು ಬರುವ ಹಾಗಿಲ್ಲ. ನಡುವೆ ಮೇ. ಕಾಲೇಜಿಗೆ ರಜೆ, ಹಾಸ್ಟೆಲ್ ಖಾಲಿ. ತಲಸ್ಸೇಮಿಯಾ (ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟುಕಾಯಿಲೆ) ಇರುವ ಮಕ್ಕಳಿಗೆ ರಜೆ ಇಲ್ವಲ್ಲ, ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು.

ಆಗ ಫೋನು ಹೋಗುವುದು ಅದೇ ನಾಲ್ಕು ಜನಕ್ಕೆ. ನೆಗೆಟಿವ್ ಗುಂಪಿನವರಂತೂ ಬೇರೆ ಬೇರೆ ಆಸ್ಪತ್ರೆಗಳ ಕರೆಗೆ ಸುಸ್ತಾಗಿದ್ದಾರೆ. "ಮೇಡಂ, ಹೋದ ತಿಂಗಳು ತಾನೇ ಕೊಟ್ಟೆ, ಆದರೂ ಬರ್ಲಾ?" ಎಂದು ಕೇಳುವವರಿಗೆ ಬೇಡ ಅನ್ನಬೇಕು. ಕೆಲವರು ಹಳೆಯ ತಾರೀಖನ್ನೇ ಮುಚ್ಚಿಟ್ಟು ಬಂದುಬಿಡುತ್ತಾರೆ. ಅದು ಇನ್ನೂ ಅಪಾಯ.

ವಾಪಸ್ ಕಳಿಸುವುದೂ ಸುಲಭವಲ್ಲ. ಬೆರಳು ಚುಚ್ಚಿ ಒಂದು ಹನಿಯನ್ನು ಮೈಲುತುತ್ತದ ನೀಲಿ ನೀರಿಗೆ ಬಿಡುತ್ತೇವೆ. ಮುಳುಗಿದರೆ ಹಿಮೋಗ್ಲೋಬಿನ್ 12.5 ಅಥವಾ ಅದಕ್ಕಿಂತ ಹೆಚ್ಚು ಇದೆ ಎಂದರ್ಥ. ತೇಲಿದರೆ ತಗೊಳ್ಳುವುದಿಲ್ಲ. ಹುಡುಗಿಯರದು ಎಷ್ಟೋ ಸಲ ತೇಲುತ್ತದೆ. ಆಸೆಯಿಂದ ಬಂದವರು ಮುಖ ಸಣ್ಣದು ಮಾಡಿಕೊಂಡು ಹೋದರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಕಬ್ಬಿಣಾಂಶದ ಮಾತ್ರೆಗಾಗಿ ಡಾಕ್ಟರ ಹತ್ತಿರ ಕಳಿಸಿ, ಆಮೇಲೆ ಒಂದು ಫೋನ್ ಮಾಡಿ ವಿಚಾರಿಸುವವರು ಬೇಕು. ಆ ಕೆಲಸಕ್ಕೂ ಸ್ವಯಂಸೇವಕರೇ ಗತಿ, ಆದರೆ ಅದಕ್ಕೆ ಹಾರ ಹಾಕುವವರಿಲ್ಲ ನೋಡಿ.

ಈಗ ಶಿಬಿರ ಕೇಳಿಕೊಂಡು ಬರುವ ಸಂಘದವರಿಗೆ ನಾವು ಹೇಳುವುದಿಷ್ಟೇ: ಅರ್ಧ ಜನ ಅವತ್ತು ಕೊಡಲಿ, ಉಳಿದವರ ಹೆಸರು, ನಂಬರ್ ಬರೆದುಕೊಡಿ, ಮೇ ಎರಡನೇ ವಾರದಿಂದ ಒಬ್ಬೊಬ್ಬರನ್ನೇ ಕರೆಯುತ್ತೇವೆ. ಕೆಲವರು ಖುಷಿಯಿಂದ ಒಪ್ಪುತ್ತಾರೆ. ಕೆಲವರು ತಲೆ ಕೆರೆದುಕೊಳ್ಳುತ್ತಾರೆ, ಫೋಟೋದಲ್ಲಿ ಸಾಲು ಚಿಕ್ಕದಾಗುತ್ತಲ್ಲ!