ಕೌನ್ಸೆಲರ್ ನೇಮಕವಾಯಿತು, ಯೋಜನೆ ಎಲ್ಲಿ?

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯವಾದ ತೀರ್ಪು ಕೊಟ್ಟಿತು. ನೀಟ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣ ಅದು. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಒಬ್ಬ ಕೌನ್ಸೆಲರನ್ನೋ ಮನಶ್ಶಾಸ್ತ್ರಜ್ಞರನ್ನೋ ಇಟ್ಟುಕೊಳ್ಳಬೇಕು ಎಂದು ಕೋರ್ಟ್ ಹೇಳಿತು. ಮಕ್ಕಳು ಕಡಿಮೆ ಇರುವ ಕಡೆ ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇರಬೇಕು.

ಬಹಳ ಹಿಂದೆಯೇ ಬರಬೇಕಿದ್ದ ಮಾತು ಇದು. ಆದರೆ ಕೆಲಸಕ್ಕೆ ಸೇರಿದ ಮರುದಿನ ಆ ಕೌನ್ಸೆಲರ್ ಏನು ಮಾಡಬೇಕು? ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳದ ಶಾಲೆಯಲ್ಲಿ ಮುಂದೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಮೂಲೆಯಲ್ಲೊಂದು ಕೋಣೆ, ಬಾಗಿಲ ಮೇಲೊಂದು ಬೋರ್ಡು. ಗಣಿತದ ಮೇಷ್ಟ್ರು ರಜೆ ಹಾಕಿದರೆ ಆ ಕ್ಲಾಸು ಇವರ ತಲೆಗೆ. ಗಲಾಟೆ ಮಾಡಿದ ಹುಡುಗನನ್ನು ‘ಸ್ವಲ್ಪ ಬುದ್ಧಿ ಹೇಳಿ’ ಅಂತ ಇವರ ಹತ್ತಿರ ಕಳಿಸುತ್ತಾರೆ. ಆ ಕೋಣೆಗೆ ಹೋಗುವವರು ತಪ್ಪು ಮಾಡಿದವರು ಎಂದು ಉಳಿದ ಮಕ್ಕಳು ತಿಳಿದುಕೊಳ್ಳುತ್ತಾರೆ. ಆಮೇಲೆ ಕಷ್ಟದಲ್ಲಿರುವ ಮಗು ತಾನಾಗಿ ಆ ಕಡೆ ಹೆಜ್ಜೆ ಹಾಕುವುದಿಲ್ಲ.

ಯೋಜನೆಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಬಿಹಾರದ ನಲಂದ ಜಿಲ್ಲೆಗೆ ಹೋದರೆ ಸಾಕು. ಅಲ್ಲಿನ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಅದರ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚೀಟಿ ಎತ್ತುವ ರೀತಿಯಲ್ಲಿ ಶಾಲೆಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿನಲ್ಲಿ ಸರ್ಕಾರದ ಮಾಮೂಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಮಾತ್ರ. ಎರಡನೆಯದರಲ್ಲಿ ಅದರ ಜೊತೆಗೆ ಹೊಸ ಕಾರ್ಯಕ್ರಮವನ್ನೂ ಶಾಲೆಯ ಶಿಕ್ಷಕರೊಬ್ಬರು ನಡೆಸಿದರು. ಮೂರನೆಯದರಲ್ಲಿ ಅದೇ ಹೊಸ ಕಾರ್ಯಕ್ರಮವನ್ನು ನಡೆಸಿದವರು ‘ಸೆಹರ್ ಮಿತ್ರ’ರು. ಇವರು ಮನೋವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಈ ಕೆಲಸಕ್ಕೆಂದೇ ತರಬೇತಿ ಪಡೆದು, ಶಾಲೆಯಲ್ಲಿ ಇದೊಂದನ್ನೇ ಮಾಡಿದ ಸಾಮಾನ್ಯ ಜನ.

ಆ ಮಿತ್ರರು ಕೋಣೆಯಲ್ಲಿ ಕೂತು ಮಕ್ಕಳಿಗಾಗಿ ಕಾಯಲಿಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಮಾತಾಡಿದರು. ಗೋಡೆ ಪತ್ರಿಕೆ ಮಾಡಿಸಿದರು. ಹೇಳಿಕೊಳ್ಳಲಾಗದ ವಿಷಯವನ್ನು ಚೀಟಿಯಲ್ಲಿ ಬರೆದು ಹಾಕಲು ಒಂದು ಡಬ್ಬಿ ಇಟ್ಟರು. ಮಕ್ಕಳದೇ ಗುಂಪು ಕಟ್ಟಿ, ಶಾಲೆಯ ಸಮಸ್ಯೆಗಳನ್ನು ಅವರಿಂದಲೇ ಚರ್ಚೆ ಮಾಡಿಸಿದರು. ಇಷ್ಟೆಲ್ಲ ಆದಮೇಲೂ ಒಬ್ಬೊಬ್ಬರೇ ಮಾತಾಡಬೇಕು ಎಂದವರಿಗೆ ಪ್ರತ್ಯೇಕ ಸಮಯ ಕೊಟ್ಟರು. ಅಂದರೆ ಮೂರು ಹಂತ: ಇಡೀ ಶಾಲೆ, ಗುಂಪು, ಒಂದು ಮಗು.

ಎಂಟು ತಿಂಗಳ ನಂತರ ಒಂಬತ್ತನೇ ತರಗತಿಯ ಮಕ್ಕಳನ್ನು ಅಳೆದು ನೋಡಿದರು. ಮಿತ್ರರಿದ್ದ ಶಾಲೆಗಳಲ್ಲಿ ಒಟ್ಟು ವಾತಾವರಣವೇ ಬದಲಾಗಿತ್ತು. ಖಿನ್ನತೆಯ ಲಕ್ಷಣಗಳು, ಕೀಟಲೆ-ಕಿರುಕುಳ, ಹೊಡೆದಾಟ ಎಲ್ಲ ಉಳಿದ ಶಾಲೆಗಳಿಗಿಂತ ಕಡಿಮೆ. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ? ಮಾಮೂಲಿ ಶಾಲೆಗಳಿಗೂ ಅವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. 17 ತಿಂಗಳಿಗೆ ಮತ್ತೆ ಅಳೆದಾಗ ಮಿತ್ರರಿದ್ದ ಶಾಲೆಗಳ ಲಾಭ ಇನ್ನೂ ಹೆಚ್ಚಾಗಿತ್ತು.

ಈ ಫಲಿತಾಂಶ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕಾರ್ಯಕ್ರಮ ಅದೇ, ಜಿಲ್ಲೆ ಅದೇ. ಬೇರೆಯಾಗಿದ್ದದ್ದು ಯಾರು ಮಾಡಿದರು, ಅವರಿಗೆ ಎಷ್ಟು ಸಮಯ ಇತ್ತು ಎನ್ನುವುದು. ಇದನ್ನು ಶಿಕ್ಷಕರ ತಪ್ಪು ಎಂದು ಓದುವುದು ಅನ್ಯಾಯ. ಪಾಠ, ಪರೀಕ್ಷೆ, ಚುನಾವಣೆ ಕೆಲಸ, ಗಣತಿ ಎಲ್ಲ ಹೊತ್ತವರಿಗೆ ಇನ್ನೊಂದು ಹೊರೆ ಹೊರಿಸಿದರೆ ಯಾವುದನ್ನು ಬಿಡುತ್ತಾರೆ? ಹೊಸದನ್ನೇ ಅಲ್ವಾ? ಜೊತೆಗೆ, ಅಂಕ ಕೊಡುವವರ ಮುಂದೆ ಮನೆಯ ಜಗಳ ಹೇಳಿಕೊಳ್ಳಲು ಮಗುವಿಗೆ ಸಂಕೋಚ ಇದ್ದೇ ಇರುತ್ತದೆ.

ಹಾಗಂತ ಶಿಕ್ಷಕರಿಗೆ ಇಲ್ಲಿ ಜಾಗ ಇಲ್ಲ ಎಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಶಿಕ್ಷಕರಿಗೇ ತರಬೇತಿ ಕೊಟ್ಟು ಪ್ರೌಢಶಾಲೆಗಳಲ್ಲಿ ಜೀವನ ಕೌಶಲ ಕಲಿಸುವ ಕಾರ್ಯಕ್ರಮ ಮಾಡಿತ್ತು. 2010ರಲ್ಲಿ ಅದರ ಮೌಲ್ಯಮಾಪನ ಪ್ರಕಟವಾಯಿತು. ಕಾರ್ಯಕ್ರಮದಲ್ಲಿದ್ದ 605 ಮಕ್ಕಳನ್ನು ಪಕ್ಕದ ಶಾಲೆಗಳ 423 ಮಕ್ಕಳ ಜೊತೆ ಹೋಲಿಸಿದ್ದರು. ಜೀವನ ಕೌಶಲ ಕಲಿತವರ ಆತ್ಮಗೌರವ ಹೆಚ್ಚಿತ್ತು. ಶಿಕ್ಷಕರ ಜೊತೆ, ಶಾಲೆಯ ಜೊತೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮಾನಸಿಕ ತೊಂದರೆಗಳ ಲಕ್ಷಣಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಈ ಎರಡೂ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆಲಸ ಹಂಚುವ ದಾರಿ ಕಾಣುತ್ತದೆ. ತರಗತಿಯಲ್ಲಿ ಎಲ್ಲರಿಗೂ ಕಲಿಸುವಂಥದ್ದನ್ನು ಶಿಕ್ಷಕರು ಮಾಡಬಹುದು. ಮನಸ್ಸು ಬಿಚ್ಚಿ ಮಾತಾಡಲು ಮಾತ್ರ ಬೇರೆ ಒಬ್ಬರು ಬೇಕು, ಅವರಿಗೆ ಬೇರೆ ಕೆಲಸ ಇರಬಾರದು.

ಈಗ ಒಂದು ಸಣ್ಣ ಲೆಕ್ಕ. 500 ಮಕ್ಕಳ ಶಾಲೆ, ಒಬ್ಬರೇ ಕೌನ್ಸೆಲರ್. ವರ್ಷಕ್ಕೆ ಸುಮಾರು 220 ಶಾಲಾ ದಿನ. ಪ್ರತಿ ಮಗುವಿನ ಜೊತೆ ಎರಡೇ ಸಲ, ಅರ್ಧ ಅರ್ಧ ಗಂಟೆ ಕೂತರೂ 500 ಗಂಟೆ ಆಯಿತು. ದಿನಕ್ಕೆ ಎರಡೂಕಾಲು ಗಂಟೆ ಅದಕ್ಕೇ ಹೋಯಿತು. ಇಷ್ಟು ಮಾಡಿದರೂ ನಿಜವಾಗಿ ಕಷ್ಟದಲ್ಲಿರುವ ಮಗುವಿಗೆ ಸಿಕ್ಕಿದ್ದು ವರ್ಷಕ್ಕೆ ಒಂದು ಗಂಟೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3 ಜನರಿಗೆ ಮಾನಸಿಕ ತೊಂದರೆ ಇದೆ. ಆ ಸರಾಸರಿಯನ್ನೇ ಹಿಡಿದರೆ ನಮ್ಮ ಶಾಲೆಯಲ್ಲಿ 36-37 ಮಕ್ಕಳು. ಅವರಿಗೆ ಐದಾರು ಸಲವಾದರೂ ಸಮಯ ಬೇಕು. ಅದಕ್ಕೇ ಎಲ್ಲರಿಗೂ ಬೇಕಾದದ್ದನ್ನು ತರಗತಿಯಲ್ಲೇ ಕೊಟ್ಟು, ಒಂಟಿ ಮಾತುಕತೆಯ ಸಮಯವನ್ನು ಇವರಿಗಾಗಿ ಉಳಿಸಬೇಕು.

ಸಮಯದ ಈ ಲೆಕ್ಕವನ್ನು ಅಮೆರಿಕದ ಶಾಲಾ ಕೌನ್ಸೆಲರುಗಳ ಸಂಘ ಬಹಳ ಗಂಭೀರವಾಗಿ ತೆಗೆದುಕೊಂಡಿದೆ. ಅದು 2003ರಲ್ಲಿ ಒಂದು ಮಾದರಿ ಯೋಜನೆ ಹೊರತಂದಿತು. 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರಬೇಕು, ಅವರ ಸಮಯದಲ್ಲಿ ಶೇ. 80 ಭಾಗ ಮಕ್ಕಳಿಗೇ ಹೋಗಬೇಕು ಎನ್ನುವುದು ಆ ಸಂಘದ ನಿಲುವು. ಅಲ್ಲಿನ ಬಹಳಷ್ಟು ರಾಜ್ಯಗಳೂ ಆ 250ರ ಗುರಿ ಮುಟ್ಟಿಲ್ಲ. ನನಗೆ ಆ ಮಾದರಿಯಲ್ಲಿ ತುಂಬ ಹಿಡಿಸಿದ್ದು ಒಂದು ಸರಳ ಪದ್ಧತಿ. ವರ್ಷದ ಮೊದಲಲ್ಲಿ ಕೌನ್ಸೆಲರ್ ಮತ್ತು ಮುಖ್ಯಶಿಕ್ಷಕರು ಎದುರು ಬದುರು ಕೂರುತ್ತಾರೆ. ಈ ವರ್ಷದ ಗುರಿ ಏನು, ಯಾವ ಕೆಲಸಕ್ಕೆ ಎಷ್ಟು ಸಮಯ ಎಂದು ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಬದಲಿ ಕ್ಲಾಸು, ಪರೀಕ್ಷೆಯ ಉಸ್ತುವಾರಿ ಇವು ಕೌನ್ಸೆಲರ್ ಕೆಲಸವಲ್ಲ ಎಂದು ಆ ಮಾದರಿ ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಶಾಲೆಗಳಿಗೆ ಇದನ್ನು ತರಲು ಒಂದು ಪೈಸೆಯೂ ಖರ್ಚಿಲ್ಲ.

ಗುರಿ ಬರೆಯುವಾಗಲೂ ಎಚ್ಚರ ಬೇಕು. ‘ಮಕ್ಕಳ ಸರ್ವತೋಮುಖ ಅಭಿವೃದ್ಧಿ’ ಎಂದು ಬರೆದರೆ ವರ್ಷದ ಕೊನೆಯಲ್ಲಿ ಅದು ಆಯಿತೋ ಇಲ್ಲವೋ ಎಂದು ಯಾರೂ ಹೇಳಲಾರರು. ‘ಎಂಟನೇ ತರಗತಿಯಲ್ಲಿ ತಿಂಗಳಿಗೆ ಐದು ದಿನಕ್ಕಿಂತ ಜಾಸ್ತಿ ಗೈರಾಗುವ ಮಕ್ಕಳ ಸಂಖ್ಯೆಯನ್ನು ಮಾರ್ಚ್ ಒಳಗೆ ಅರ್ಧಕ್ಕೆ ಇಳಿಸುವುದು’ ಎಂದು ಬರೆದರೆ ಹಾಜರಿ ಪುಸ್ತಕವೇ ಉತ್ತರ ಹೇಳುತ್ತದೆ. ಎಷ್ಟು ಕಾರ್ಯಾಗಾರ ಮಾಡಿದೆವು, ಎಷ್ಟು ಮಕ್ಕಳು ಬಂದರು ಎಂಬ ವರದಿ ಸುಲಭ. ಏನು ಬದಲಾಯಿತು ಎನ್ನುವುದೇ ಮುಖ್ಯ ಪ್ರಶ್ನೆ. ಬ್ರಿಟನ್ನಿನಲ್ಲಿ ಸುಮಾರು 8,000 ಮಕ್ಕಳ ಮೇಲೆ ಒಂದು ಪರೀಕ್ಷೆ ನಡೆಯಿತು. ಶಾಲೆಯ ಶಿಕ್ಷಕರೇ ಎಲ್ಲ ಮಕ್ಕಳಿಗೂ ಮನಸ್ಸನ್ನು ಈ ಕ್ಷಣದಲ್ಲಿ ನಿಲ್ಲಿಸುವ ಧ್ಯಾನ ಕಲಿಸಿದರು. ಒಳ್ಳೆಯ ಉದ್ದೇಶ, ಒಳ್ಳೆಯ ತಯಾರಿ. ಆದರೂ 2022ರಲ್ಲಿ ಬಂದ ಫಲಿತಾಂಶದಲ್ಲಿ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಅಳೆದಿದ್ದರಿಂದಲೇ ಅದು ಗೊತ್ತಾಯಿತು.

ಗುಟ್ಟಿನ ವಿಷಯವನ್ನೂ ಮೊದಲೇ ಬರೆದಿಡಬೇಕು. ಮಗು ಹೇಳಿದ್ದನ್ನು ಸ್ಟಾಫ್ ರೂಮಿನಲ್ಲಿ ಚರ್ಚೆ ಮಾಡುವಂತಿಲ್ಲ. ಆದರೆ ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆ ಎಂದು ಮಾತು ಕೊಡುವುದೂ ತಪ್ಪು. ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಪ್ರಾಣಕ್ಕೆ ಅಪಾಯ ಇದ್ದಾಗಲೂ ಸುಮ್ನೆ ಕೂರುವ ಹಾಗಿಲ್ಲ. ಈ ಮಿತಿಯನ್ನು ಮೊದಲ ಮಾತುಕತೆಯಲ್ಲೇ ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡಬೇಕು.

ಕೌನ್ಸೆಲರ್ ಕೈ ಮೀರಿದಾಗ ಎಲ್ಲಿಗೆ ಕಳಿಸುವುದು? ಈ ವಿಷಯದಲ್ಲಿ ಕರ್ನಾಟಕದ ಶಾಲೆಗಳು ಪುಣ್ಯ ಮಾಡಿವೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. 2022ರ ಅಕ್ಟೋಬರ್‌ನಿಂದ ಟೆಲಿ ಮನಸ್ ಸಹಾಯವಾಣಿಯೂ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. 60 ಮಕ್ಕಳ ಹಳ್ಳಿ ಶಾಲೆಗೆ ಸ್ವಂತ ಕೌನ್ಸೆಲರ್ ಸಿಗದಿದ್ದರೂ, ಯಾವ ಆಸ್ಪತ್ರೆ, ಯಾವ ವಾರ, ಮಗುವಿನ ಜೊತೆ ಯಾರು ಹೋಗುತ್ತಾರೆ, ಮನೆಯವರಿಗೆ ಯಾರು ತಿಳಿಸುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದಿಡಬಹುದು. ಜೂನ್ ತಿಂಗಳ ಮೊದಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೇ ಆ ಹಾಳೆ ತಯಾರಾಗಲಿ.