ಮೈತೂಕಕ್ಕೂ ಮನೆ ಮುಂದಿನ ಬೀದಿಗೂ ಏನು ನಂಟು?

ದಪ್ಪಗಿರುವವರಿಗೆ ಬುದ್ಧಿ ಹೇಳಲು ಎಲ್ಲರೂ ಮುಂದು. ಬಾಯಿ ಕಟ್ಟಿದರಾಯಿತು, ದಿನಾ ನಡೆದರಾಯಿತು, ಅಷ್ಟೇ ಅಲ್ವಾ ಎನ್ನುತ್ತಾರೆ. ನಡೆಯಲು ಅಲ್ಲಿ ಫುಟ್‌ಪಾತ್ ಇದೆಯಾ ಎಂದು ಕೇಳುವವರು ಕಡಿಮೆ. ಸಂಶೋಧಕರೂ ಈ ಪ್ರಶ್ನೆಗೆ ತಡವಾಗಿಯೇ ಬಂದರು.

1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಬಸ್ ನೌಕರರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಕೂತೇ ಇರುವ ಡ್ರೈವರ್‌ಗಳಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆ ಇತ್ತು. ಆದರೆ 1956ರಲ್ಲಿ ಸಮವಸ್ತ್ರದ ಅಳತೆ ನೋಡಿದಾಗ, ಡ್ರೈವರ್‌ಗಳ ಸೊಂಟದ ಸುತ್ತಳತೆಯೂ ಜಾಸ್ತಿ ಎಂದು ಗೊತ್ತಾಯಿತು. ಹಾಗಾದರೆ ಕೂತ ಕೆಲಸ ಅವರನ್ನು ದಪ್ಪ ಮಾಡಿತೋ, ದಪ್ಪಗಿದ್ದವರೇ ಆ ಕೆಲಸ ಹಿಡಿದರೋ?

ಬಡಾವಣೆಯ ವಿಚಾರದಲ್ಲೂ ಇದೇ ತೊಡಕು. 1999ರಲ್ಲಿ ಬಾಯ್ಡ್ ಸ್ವಿನ್‌ಬರ್ನ್, ಗ್ಯಾರಿ ಎಗ್ಗರ್ ಮೊದಲಾದ ಸಂಶೋಧಕರು ಬೊಜ್ಜು ಬೆಳೆಸುವ ಪರಿಸರವನ್ನು ಬಿಡಿಸಿ ನೋಡುವ ಬಗೆಯನ್ನು ಮುಂದಿಟ್ಟರು. ಅಮೆರಿಕದ ಅಟ್ಲಾಂಟಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾರಿನಲ್ಲಿ ಹೆಚ್ಚು ಹೊತ್ತು ಕಳೆಯುವವರಲ್ಲಿ ಬೊಜ್ಜು ಹೆಚ್ಚು ಕಂಡಿತು. ಆದರೆ ನಡೆಯುವ ಆಸೆ ಇದ್ದವರೇ ನಡೆಯಲು ಅನುಕೂಲವಾದ ಕಡೆ ಮನೆ ಹಿಡಿದಿರಬಹುದಲ್ಲ?

ಇದಕ್ಕೆ ಗಟ್ಟಿ ಉತ್ತರ ಕೊಟ್ಟದ್ದು ಲಾಟರಿ. 1994ರಿಂದ 1998ರವರೆಗೆ ಅಮೆರಿಕದ ವಸತಿ ಇಲಾಖೆ ಐದು ನಗರಗಳ ಬಡ ಕುಟುಂಬಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಿತು. ಒಂದು ಗುಂಪಿಗೆ ಬಡತನ ಕಡಿಮೆ ಇರುವ ಬಡಾವಣೆಗೆ ಹೋಗಲು ಬಾಡಿಗೆ ನೆರವು ಸಿಕ್ಕಿತು. ಇನ್ನೊಂದಕ್ಕೆ ಅದು ಸಿಗಲಿಲ್ಲ. ಹತ್ತು–ಹದಿನೈದು ವರ್ಷದ ಬಳಿಕ ಆ ಮನೆಗಳ ಹೆಂಗಸರನ್ನು ತೂಗಿ, ರಕ್ತ ಪರೀಕ್ಷೆ ಮಾಡಿದರು. ನೆರವು ಸಿಕ್ಕ ಗುಂಪಿನಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ) 35 ದಾಟಿದವರು ನೂರಕ್ಕೆ ನಾಲ್ಕೈದು ಮಂದಿಯಷ್ಟು ಕಡಿಮೆ ಇದ್ದರು. ಸಕ್ಕರೆ ಕಾಯಿಲೆಯ ಮಟ್ಟ ತಲುಪಿದವರಲ್ಲೂ ಹೆಚ್ಚು ಕಡಿಮೆ ಅಷ್ಟೇ ವ್ಯತ್ಯಾಸ. ಅವರಿಗೆ ಯಾರೂ ಪಥ್ಯ ಹೇಳಿರಲಿಲ್ಲ, ಜಿಮ್‌ಗೆ ಸೇರಿಸಿರಲಿಲ್ಲ! ನೆರವು ಸಿಕ್ಕವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಅದನ್ನು ಬಳಸಿ ಮನೆ ಬದಲಿಸಿದ್ದರು ಎಂಬುದನ್ನೂ ನೆನಪಿಡಬೇಕು. ಬೊಜ್ಜಿನ ಸಾಮಾನ್ಯ ಗಡಿಯಾದ 30ರ ಲೆಕ್ಕದಲ್ಲಿ ಮಾತ್ರ ಸ್ಪಷ್ಟ ಅಂತರ ಕಾಣಲಿಲ್ಲ.

ಹಾಗಂತ ಸುಮ್ನೆ ಒಂದು ಅಂಗಡಿ ತೆರೆದರೆ ಸಾಲದು. ಫಿಲಡೆಲ್ಫಿಯಾದ ಒಂದು ಬಡ ಬಡಾವಣೆಯಲ್ಲಿ ಹೊಸ ಸೂಪರ್‌ಮಾರ್ಕೆಟ್ ಬಂತು. ಅಲ್ಲಿನವರ ತೂಕವಾಗಲಿ, ಹಣ್ಣು ತರಕಾರಿ ತಿನ್ನುವುದಾಗಲಿ ಬದಲಾಗಲಿಲ್ಲ ಎಂದು 2014ರ ಅಧ್ಯಯನ ಹೇಳಿತು. ನನಗೆ ಇದರಲ್ಲಿ ಅಚ್ಚರಿ ಕಾಣುವುದಿಲ್ಲ. ಮನೆಯನ್ನೇ ಬದಲಿಸಿದ ಕುಟುಂಬಗಳಿಗೆ ಅಂಗಡಿಯ ಜೊತೆ ರಸ್ತೆ, ನೆರೆಹೊರೆ, ಸಂಜೆ ಹೊರಗೆ ಕಾಲಿಡುವ ಧೈರ್ಯ ಎಲ್ಲವೂ ಒಟ್ಟಿಗೇ ಬದಲಾಗಿದ್ದವು. ಅದರಲ್ಲಿ ಯಾವುದರ ಪಾಲು ಎಷ್ಟು ಎಂದು ಆ ಪ್ರಯೋಗದಿಂದ ಬೇರ್ಪಡಿಸಿ ಹೇಳಲಾಗಿಲ್ಲ.