ಅರಿಸಿನ ಮಣಿ, ಬಿಳಿ ಮಣಿ

ಹೂ ಬಿಡುವ ಹೊತ್ತಿಗೆ ಆಲೂಗಡ್ಡೆ ಗಿಡವೊಂದನ್ನು ಮೆಲ್ಲಗೆ ಕಿತ್ತು, ಮಣ್ಣು ಕೊಡವಿ ಬೇರು ನೋಡಬೇಕು. ಆಲೂಗಡ್ಡೆಯ ಬೇರು ಹೀರುವ ಜಂತುಹುಳು (ನೆಮಟೋಡ್) ಹೊಕ್ಕ ಹೊಲವಾದರೆ ಬೇರಿನುದ್ದಕ್ಕೂ ಗಸಗಸೆಗಿಂತ ಸಣ್ಣ ಮಣಿಗಳು ಅಂಟಿರುತ್ತವೆ. ಕೆಲವು ಕಡೆ ಅವು ಅರಿಸಿನದ ಬಣ್ಣಕ್ಕೆ ತಿರುಗುತ್ತವೆ, ಕೆಲವು ಕಡೆ ಬೆಳ್ಳಗೇ ಉಳಿಯುತ್ತವೆ. ಬಣ್ಣದ ಈ ಸಣ್ಣ ಭೇದದ ಹಿಂದೆ ಎರಡು ಬೇರೆ ಪ್ರಭೇದಗಳಿವೆ.

ಆ ಮಣಿ ಹೆಣ್ಣು ಹುಳುವಿನ ಉಬ್ಬಿದ ಮೈ. ತಲೆ ಬೇರಿನೊಳಗೆ ಹೂತಿರುತ್ತದೆ, ಹೊಟ್ಟೆ ಹೊರಗೆ. ಸತ್ತ ಮೇಲೆ ಚರ್ಮ ಗಟ್ಟಿಯಾಗಿ, ಕಂದು ಬಣ್ಣದ 'ಸಿಸ್ಟ್' ಆಗುತ್ತದೆ. ಅದರೊಳಗೆ ನೂರಾರು ಮೊಟ್ಟೆ. ಆಲೂಗಡ್ಡೆಯ ಬೇರು ಸೂಸುವ ರಸದ ಸುಳಿವು ಸಿಕ್ಕಾಗಲೇ ಬಹುಪಾಲು ಮೊಟ್ಟೆ ಒಡೆಯುವುದು. ಸುಳಿವು ಸಿಗದಿದ್ದರೆ 20 ವರ್ಷ ಮಣ್ಣಲ್ಲೇ ಕಾದಿರಬಲ್ಲವು.

ಇದರ ತವರು ಆಲೂಗಡ್ಡೆಯದೇ ತವರು, ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಯುರೋಪಿಗೆ ಬಂದ ಹುಳುವಿಗೆ 1923ರಲ್ಲಿ ಜರ್ಮನಿಯ ರೋಸ್ಟಾಕ್ ಊರಿನ ಹೆಸರಿಟ್ಟರು. ಈಗ ಅದು ಗ್ಲೋಬೊಡೆರಾ ರೋಸ್ಟೋಕಿಯೆನ್ಸಿಸ್. ಬಹುಕಾಲ ಎಲ್ಲವನ್ನೂ ಇದೇ ಒಂದು ಹೆಸರಿನಿಂದ ಕರೆದರು. ಮುಂದೆ ಆಂಡಿಸ್‌ನ ಆಲೂಗಡ್ಡೆಯೊಂದರಲ್ಲಿ ಹುಳುವನ್ನು ತಡೆಯುವ ಎಚ್‌1 ಜೀನ್ ಸಿಕ್ಕಿತು. ಬ್ರಿಟನ್ನಿನಲ್ಲಿ 1966ರಲ್ಲಿ ಬಂದ 'ಮಾರಿಸ್ ಪೈಪರ್' ತಳಿಯಲ್ಲಿ ಆ ಜೀನ್ ಇತ್ತು. ರೈತರು ಅದನ್ನು ವರ್ಷವರ್ಷವೂ ಬೆಳೆದರು. ಅರಿಸಿನ ಹುಳು ಇಳಿಯಿತು, ಬಿಳಿಯದು ಏರಿತು. ಎಚ್‌1ಗೆ ಬಗ್ಗದ ಹುಳುಗಳು ಮೊದಲಿನಿಂದಲೂ ಆ ಮಣ್ಣಲ್ಲಿದ್ದವು. ತಳಿ ಅವುಗಳ ಎದುರಾಳಿಯನ್ನಷ್ಟೇ ತೆಗೆದುಹಾಕಿತ್ತು. 1973ರಲ್ಲಿ ಬಿಳಿ ಹುಳುವಿಗೆ 'ಪ್ಯಾಲಿಡಾ' ಎಂಬ ಬೇರೆ ಹೆಸರು ಬಂತು. ವರ್ಗೀಕರಣವನ್ನು ಪ್ರಯೋಗಾಲಯದ ಒಣ ಕೆಲಸ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಬಣ್ಣವನ್ನು ಮಾತ್ರ ನಂಬುವಂತಿಲ್ಲ. ಸಿಸ್ಟ್ ಒಣಗಿದರೆ ಎರಡೂ ಕಂದು. ಆಗ ಸೂಕ್ಷ್ಮದರ್ಶಕದಡಿ ಸಿಸ್ಟಿನ ಹಿಂಭಾಗದ ಚರ್ಮದ ಗೀರುಗಳನ್ನು ಎಣಿಸುತ್ತಾರೆ, ಮರಿಯ ಬಾಯಿಯ ಸೂಜಿಯ ಉದ್ದ ಅಳೆಯುತ್ತಾರೆ. ರೋಸ್ಟೋಕಿಯೆನ್ಸಿಸ್‌ಗೆ ಗೀರು ಹೆಚ್ಚು, ಪ್ಯಾಲಿಡಾಗೆ ಕಡಿಮೆ. ಆದರೆ ಎರಡರ ಅಳತೆಗಳೂ ನಡುವೆ ಒಂದರ ಮೇಲೊಂದು ಬೀಳುತ್ತವೆ. ಖಚಿತ ಉತ್ತರಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು.

ಪ್ರಭೇದ ಗೊತ್ತಾದರೂ ಸಾಲದು. ಯಾವ ತಳಿಯ ಮೇಲೆ ಬೆಳೆಯುತ್ತದೆ ಎಂಬುದನ್ನು ನೋಡಿ 1977ರಲ್ಲಿ ಯುರೋಪಿನ ತಜ್ಞರು ಅರಿಸಿನ ಹುಳುವಿನಲ್ಲಿ ಆರ್‌ಒ1ರಿಂದ ಆರ್‌ಒ5, ಬಿಳಿಯದರಲ್ಲಿ ಪಿಎ1ರಿಂದ ಪಿಎ3 ಎಂದು ಗುಂಪು ಮಾಡಿದರು. ಕೆಲವು ಗುಂಪು ಗಟ್ಟಿಯಾಗಿ ನಿಂತವು. ಪಿಎ2, ಪಿಎ3 ನಡುವಿನ ಗೆರೆ ಮಾತ್ರ ನಿಲ್ಲಲಿಲ್ಲ. ಈಗ ಅವೆರಡನ್ನು ಜೋಡಿಸಿಯೇ ಬರೆಯುವುದು ರೂಢಿ. 2008ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಇನ್ನೂ ದೊಡ್ಡ ವಿಷಯ ತೋರಿಸಿತು. ಪಶ್ಚಿಮ ಯುರೋಪಿನ ಬಿಳಿ ಹುಳುಗಳ ಮೂಲ ಪೆರುವಿನ ದಕ್ಷಿಣದ ಒಂದು ಸಣ್ಣ ಪ್ರದೇಶ, ಟಿಟಿಕಾಕಾ ಸರೋವರಕ್ಕೂ ಕುಸ್ಕೋಗೂ ನಡುವಿನ ನೆಲ. ಪೆರುವಿನೊಳಗಿನ ವೈವಿಧ್ಯ ಅದಕ್ಕಿಂತ ಬಹಳ ದೊಡ್ಡದು. ಅಂದರೆ ಯುರೋಪಿನ ಹುಳುವಿನ ಎದುರು ಗೆದ್ದ ತಳಿ ಬೇರೆ ಕಡೆಯ ಹುಳುವಿನ ಎದುರೂ ಗೆಲ್ಲುತ್ತದೆ ಎನ್ನಲು ಬರುವುದಿಲ್ಲ. ನನಗೆ ಅತಿ ಮುಖ್ಯವೆನಿಸುವುದು ಇದೇ.

ನಮ್ಮ ಪಕ್ಕದ ನೀಲಗಿರಿಯಲ್ಲಿ, ಊಟಿಯ ಬಳಿ, ಈ ಹುಳು ಪತ್ತೆಯಾದದ್ದು 1961ರಲ್ಲಿ. ಅಲ್ಲಿ ಎರಡೂ ಪ್ರಭೇದಗಳಿವೆ, ಒಂದೇ ಹೊಲದಲ್ಲಿ ಬೆರೆತೂ ಸಿಗುತ್ತವೆ. ಹಾಗಾಗಿ ಒಂದನ್ನಷ್ಟೇ ತಡೆಯುವ ತಳಿಯಿಂದ ಅಲ್ಲಿನ ರೈತನಿಗೆ ಪ್ರಯೋಜನವಿಲ್ಲ. 1985ರಲ್ಲಿ ಬಿಡುಗಡೆಯಾದ 'ಕುಫ್ರಿ ಸ್ವರ್ಣ' ಈ ಹುಳುವಿಗಾಗಿಯೇ ತಂದ ತಳಿ. ಹಿಮಾಲಯದ ತಪ್ಪಲಲ್ಲೂ ಹುಳು ಕಂಡ ಮೇಲೆ, 2018ರಲ್ಲಿ ಹಿಮಾಚಲ ಪ್ರದೇಶ, ಉತ್ತರಾಖಂಡ, ಜಮ್ಮು-ಕಾಶ್ಮೀರದಿಂದ ಬಿತ್ತನೆ ಗಡ್ಡೆ ಹೊರಹೋಗದಂತೆ ಕೇಂದ್ರ ಸರ್ಕಾರ ತಡೆಯಿತು.

ಹಾಸನದ ಆಲೂಗಡ್ಡೆ ಬೆಳೆಗಾರರು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುವ ಬಿತ್ತನೆ ಗಡ್ಡೆಯನ್ನೇ ನೆಚ್ಚಿದವರು. ಗಡ್ಡೆಗೆ ಅಂಟಿದ ಮಣ್ಣಿನ ಮೇಲೆ ಕಣ್ಣಿಡಬೇಕು ಎನ್ನುವುದು ಅದಕ್ಕೇ. ಈ ಹುಳುಗಳಲ್ಲಿ ಒಂದು ಹೆಣ್ಣು ಹಲವು ಗಂಡುಗಳೊಡನೆ ಕೂಡಬಲ್ಲದು. ಮಣ್ಣಿನ ಹೆಂಟೆಯಲ್ಲಿ ಬಂದದ್ದು ಒಂದೇ ಸಿಸ್ಟ್ ಆದರೂ, ಅದರೊಳಗೆ ಹಲವು ತಂದೆಗಳ ಮಕ್ಕಳಿರಬಹುದು.